ಎರಡಿಂಚು ಬಿಟ್ಟು ಹೊಲಿದ ಮರ

“ಆ ದರ್ಜಿ ಹತ್ರ ಅಂಗಿ ಹೊಲಿಸಿದ್ರೆ ಒಳಗೆ ನೀವೂ ಇರಬಹುದು, ಜೊತೆಗೊಬ್ಬ ಬಾಡಿಗೆದಾರನನ್ನೂ ಇಟ್ಕೋಬಹುದು” ಎಂದು ಓಣಿಯವರು ಹೇಳುತ್ತಿದ್ದರು. “ಅವನು ಹೊಲಿದ ಪ್ಯಾಂಟು ಹಾಕ್ಕೊಂಡು ಯಾರ ಮನೆ ಊಟಕ್ಕಾದ್ರೂ ಧೈರ್ಯವಾಗಿ ಹೋಗಿ, ಗುಂಡಿ ಹಾರಿದ್ರೆ ಕೇಳಿ” ಎನ್ನುವವರೂ ಇದ್ದರು. ಅದು ಬೈಗುಳವೋ ಹೊಗಳಿಕೆಯೋ ಹೇಳುವವರಿಗೇ ಗೊತ್ತಿರಲಿಲ್ಲ. ಅಂತೂ ಅಪ್ಪ ಅಮ್ಮ ಇಟ್ಟ ಹೆಸರು ಯಾವಾಗಲೋ ಸವೆದುಹೋಗಿ, ಓಣಿಯ ಬಾಯಲ್ಲಿ ಅವನಿಗೆ ಉಳಿದ ಹೆಸರು ಒಂದೇ: ಎರಡಿಂಚು. “ಎರಡಿಂಚು ಬಾಗಿಲು ತೆಗೆದಿದಾನಾ?” “ಎರಡಿಂಚಿಗೆ ಹೇಳು, ನಾಡಿದ್ದು ಸ್ಕೂಲು ಶುರು, ಅಂಗಿ ಬೇಕು ಅಂತ.”

ಹೆಸರು ಬಂದದ್ದು ಅಪ್ಪ ಕಲಿಸಿದ ಪಾಠದಿಂದ. ಅಪ್ಪನೂ ದರ್ಜಿಯೇ. “ಮೈ ಅಳತೆ ಬೇರೆ, ಹೊಲಿಗೆ ಅಳತೆ ಬೇರೆ ಕಣೋ” ಎನ್ನುತ್ತಿದ್ದ. “ಟೇಪು ಹಿಡ್ಕೊಂಡು ನಿನ್ನ ಮುಂದೆ ನಿಂತಾಗ ಮನುಷ್ಯ ಹೊಟ್ಟೆ ಎಳ್ಕೊಂಡಿರ್ತಾನೆ. ಮನೆಗೆ ಹೋಗಿ ಉಸಿರು ಬಿಡ್ತಾನೆ, ಉಣ್ತಾನೆ, ಬಗ್ತಾನೆ. ಮಗು ಆದ್ರೆ ಬೆಳೀತದೆ. ಅದಕ್ಕೆಲ್ಲ ಎರಡಿಂಚು ಬಿಡು. ಇವತ್ತು ದೊಗಳೆ ಅಂದೋರು ನಾಳೆ ನಿನ್ನನ್ನ ನೆನೀತಾರೆ.” ಅದಕ್ಕೇ ಆ ಮನೆಯ ಅಳತೆ ಪುಸ್ತಕದಲ್ಲಿ ಪ್ರತಿ ಹಾಳೆಗೂ ಎರಡು ಸಾಲು. ಎಡಗಡೆ ‘ಮೈ’, ಬಲಗಡೆ ‘ಹೊಲಿಗೆ’. ಎಡಗಡೆ ಮೂವತ್ತಾರು ಬಿದ್ದರೆ ಬಲಗಡೆ ಮೂವತ್ತೆಂಟು ತಾನಾಗಿಯೇ ಬೀಳುತ್ತಿತ್ತು. ಬಟ್ಟೆಗೆ ಕತ್ತರಿ ಇಡುವಾಗ ಕಣ್ಣು ಹೋಗುತ್ತಿದ್ದದ್ದು ಬಲಗಡೆ ಸಾಲಿಗೆ ಮಾತ್ರ. ಮೂವತ್ತು ವರ್ಷ ಹಾಗೆ ನೋಡಿ ನೋಡಿ ಎಡಗಡೆ ಸಾಲೊಂದು ಇದೆ ಎಂಬುದೇ ಅವನಿಗೆ ಮರೆತಂತಾಗಿತ್ತು.

ಮನೆಯೆಂದರೆ ಮೂರು ಕೋಣೆ, ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದಿನದೇ ಅಂಗಡಿ. ಕಿಟಕಿಯ ಬೆಳಕಿಗೆ ಅಪ್ಪನ ಕಾಲದ ಪೆಡಲಿನ ಹೊಲಿಗೆ ಯಂತ್ರ, ಗೋಡೆಗೆ ಆನಿಸಿದ ಕತ್ತರಿಸುವ ಮೇಜು, ಮೂಲೆಯಲ್ಲೊಂದು ಗಿಡ್ಡ ಸ್ಟೂಲು. ಸ್ಟೂಲಿನ ಮೇಲೆ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ಬಂದ ದಿನವೇ ಸೂಜಿ ಹಿಡಿದು ಕೂತವಳು. ಗುಂಡಿ ತೂರುವ ತೂತಿಗೆ, ಅಂದರೆ ಕಾಜಾಕ್ಕೆ, ಅವಳಷ್ಟು ಒತ್ತಾಗಿ ದಾರ ಸುತ್ತುವವರು ಎರಡೂ ಊರಲ್ಲಿ ಇರಲಿಲ್ಲ. ತಮ್ಮನೋ ಮದುವೆಯ ಗೋಜಿಗೇ ಹೋಗಲಿಲ್ಲ. “ಊರವರದ್ದೆಲ್ಲ ಅಳತೆ ತಗೊಂಡ, ಇವನ ಅಳತೆಗೆ ಒಬ್ಬಳೂ ಸಿಗಲಿಲ್ಲ” ಎಂದು ಅಕ್ಕ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದಳು. “ಸಿಕ್ಕಿದ್ರೆ ನಿನ್ನ ಬಾಯಿಗೆ ಹೆದರಿ ಓಡಿಹೋಗ್ತಿದ್ಲು” ಎಂದು ಅವನು ಯಂತ್ರದ ಸದ್ದಿನ ನಡುವೆ ಉತ್ತರ ಕೊಡುತ್ತಿದ್ದ.

ಎರಡು ಊರು ಅಂದೆನಲ್ಲ, ಅದೇ ಈ ಕಥೆಯ ಗಂಟು. ಆ ಓಣಿಯ ನಟ್ಟನಡುವೆ ಎರಡು ಊರುಗಳ ಗಡಿ ಹಾದುಹೋಗಿತ್ತು. ಈಚೆಯ ಮನೆಗಳು ಒಂದು ಪುರಸಭೆಗೆ, ಆಚೆಯವು ಇನ್ನೊಂದಕ್ಕೆ. ನೆಲದ ಮೇಲೆ ಗೆರೆಯೇನೂ ಇರಲಿಲ್ಲ. ಗೆರೆ ಕಾಣುತ್ತಿದ್ದದ್ದು ಕಸದ ಗಾಡಿ ಬಂದಾಗ: ಈಚೆ ಸೋಮವಾರ, ಆಚೆ ಗುರುವಾರ. ದರ್ಜಿಯ ಎದುರು ಮನೆ ಕಂಡಕ್ಟರನದು. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಓಣಿಯಿಂದ ಯಾರು ಹೊರಟರೂ ಜಗುಲಿಯ ಮೇಲಿಂದ “ರೈಟ್!” ಎಂದು ಕೂಗುವ ಚಾಳಿ ಅವನಿಗೆ ಹೋಗಿರಲಿಲ್ಲ. ಹನ್ನೆರಡು ಹೆಜ್ಜೆ ದೂರದಲ್ಲಿದ್ದರೂ ಅವನು ಪರವೂರಿನವನು.

ದರ್ಜಿಯ ಮನೆಯ ಮುಂದೆ, ಅಂಗಡಿಯ ಗೋಡೆಯಿಂದ ಒಂದು ಮೊಳ ದೂರಕ್ಕೆ, ಒಂದು ಮರ. ಕಂಡಕ್ಟರನ ಮನೆಯ ಪಕ್ಕಕ್ಕೂ ಅಂಥದೇ ಒಂದು. ಇವನ ಅಜ್ಜ, ಅವನ ಅಜ್ಜ ಒಂದೇ ಬುಟ್ಟಿಯ ಸಸಿ ಹಂಚಿಕೊಂಡು ನೆಟ್ಟದ್ದಂತೆ. ಅದು ಯಾವ ಜಾತಿಯ ಮರ ಎಂದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಅಗಲ ಎಲೆ, ಬೂದು ತೊಗಟೆ, ದನದ ಬೆನ್ನಿನಂತೆ ನೆಲದ ಮೇಲೆ ಎದ್ದ ಬೇರು. ನೆರಳು ಕೊಡುವ ಮರಕ್ಕೆ ಹೆಸರು ಕಟ್ಟಿಕೊಂಡು ಯಾರಿಗೇನು?

ಹನ್ನೆರಡು ವರ್ಷದ ಹಿಂದೆ ಎರಡೂ ಊರಿನವರು ಸೇರಿ ಓಣಿಯನ್ನು ಅಗಲ ಮಾಡಲು ಹೊರಟರು. ಎಂಟು ಅಡಿ ಬೇಕಿತ್ತು. ನಕ್ಷೆಯಲ್ಲಿ ಕೆಂಪು ಗೆರೆ ಬಿದ್ದದ್ದು ಈಚೆ. ಆ ಗೆರೆ ಮರವನ್ನು ಎತ್ತಿಕೊಂಡು, ಅಂಗಡಿಯನ್ನೂ ಹೊಲಿಗೆ ಯಂತ್ರವನ್ನೂ ಅಕ್ಕನ ಸ್ಟೂಲನ್ನೂ ನುಂಗಿ, ನಡುಕೋಣೆಯ ಬಾಗಿಲಿಗೆ ಹೋಗಿ ನಿಂತಿತ್ತು. ಅಂಗಡಿ ಹೋದರೆ ಅಕ್ಕನಿಗೂ ಅನ್ನವಿಲ್ಲ, ತಮ್ಮನಿಗೂ ಇಲ್ಲ. ಅದೇ ತಿಂಗಳು ಈಚೆ ಪುರಸಭೆಯಲ್ಲಿ ಹೊಸದೊಂದು ನಿಯಮ ಬಂತು. ಮರ ಯಾವ ಜಾತಿಯದಾದರೂ ಸರಿ, ಎದೆಯ ಎತ್ತರದಲ್ಲಿ ಸುತ್ತಳತೆ ಎರಡು ಮೀಟರು, ಅಂದರೆ ಎಪ್ಪತ್ತೆಂಟು ಮುಕ್ಕಾಲು ಇಂಚು ದಾಟಿದ್ದರೆ ಅದು ಪಾರಂಪರಿಕ ಮರ. ಅದನ್ನು ಮುಟ್ಟುವ ಹಾಗಿಲ್ಲ, ರಸ್ತೆಯೂ ಸುತ್ತಿಕೊಂಡು ಹೋಗಬೇಕು. ಅಳತೆಯನ್ನು ಮನೆಯವರೇ ಅರ್ಜಿಯಲ್ಲಿ ಬರೆದುಕೊಡಬೇಕು.

ಅಕ್ಕ ಅರ್ಜಿಯನ್ನು ಕನ್ನಡಕ ಹಾಕಿಕೊಂಡು ಓದಿದಳು. “ಎದೆಯ ಎತ್ತರ ಅಂತಾರಲ್ಲ, ಯಾರ ಎದೆ? ನಿನ್ನದಾದ್ರೆ ಮರದ ಮೊಣಕಾಲಿಗೆ ಬರ್ತದೆ.”

“ನೀನು ಸುಮ್ನಿರು, ನೆಲದಿಂದ ನಾಲ್ಕೂವರೆ ಅಡಿ ಅಂತ ಕೆಳಗೆ ಬರೆದಿದಾರೆ” ಎಂದು ಅವನು ಟೇಪು ಹಿಡಿದು ಹೊರಗೆ ಹೋದ. ದರ್ಜಿಯ ಟೇಪು ಅರವತ್ತೇ ಇಂಚು. ಮುಗಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಮತ್ತೆ ಅಲ್ಲಿಂದ ಹಿಡಿದು ಅಳೆದ. ತೊಗಟೆಯ ಗಂಟುಗಳ ಮೇಲೆ ಟೇಪನ್ನು ಒತ್ತದೆ, ಗಿರಾಕಿಯ ಮೈ ಮೇಲೆ ಹಿಡಿದಷ್ಟೇ ನಯವಾಗಿ ಹಿಡಿದ. ಒಳಗೆ ಬಂದು ರೂಢಿಯಂತೆ ಅಳತೆ ಪುಸ್ತಕ ತೆಗೆದು ಬರೆದ. ಆಮೇಲೆ ಪುಸ್ತಕ ನೋಡಿಕೊಂಡು ಅರ್ಜಿ ತುಂಬಿದ: ಎಪ್ಪತ್ತೊಂಬತ್ತು ಇಂಚು.

ಕಚೇರಿಯಿಂದ ಇಬ್ಬರು ಬಂದರು, ಮರವನ್ನು ಕತ್ತೆತ್ತಿ ನೋಡಿದರು, “ಭರ್ತಿ ಇದೆ ಬಿಡಿ” ಎಂದು ನಲವತ್ತೊಂದನೇ ನಂಬರಿನ ತಗಡೊಂದನ್ನು ತಂತಿಯಲ್ಲಿ ಕಟ್ಟಿ ಹೋದರು. ಕೆಂಪು ಗೆರೆ ಎದ್ದು ಓಣಿ ದಾಟಿ ಆಚೆ ಹೋಯಿತು. ಆಚೆ ಊರಿನ ನಿಯಮವೇ ಬೇರೆ. ಅಲ್ಲಿ ಗಾತ್ರದ ಮಾತಿಲ್ಲ, ಜಾತಿಯ ಪಟ್ಟಿಯಿದೆ. ಪಟ್ಟಿಯಲ್ಲಿ ಹೆಸರಿರಬೇಕು, ನೂರು ವರ್ಷವಾಗಿರಬೇಕು, ಆಗ ಮಾತ್ರ ರಕ್ಷಣೆ. ಹೆಸರೇ ಗೊತ್ತಿಲ್ಲದ ಮರ ಯಾವ ಪಟ್ಟಿಗೆ ಸೇರುತ್ತದೆ? ಕಂಡಕ್ಟರನ ಮನೆಯ ಜಗುಲಿಯನ್ನು ನೆಲ ಅಗೆಯುವ ಯಂತ್ರ ಬಂದು ಒಂದು ಬೆಳಗಿನಲ್ಲಿ ಎತ್ತಿಕೊಂಡು ಹೋಯಿತು.

ಜಗುಲಿ ಹೋಗಿ ಆರು ದಿನಕ್ಕೆ ಯಾರದೋ ಕೋಟಿನ ಅಳತೆ ಹುಡುಕುತ್ತ ದರ್ಜಿ ಪುಸ್ತಕ ಮಗುಚಿದ. ‘ಮರ’ ಎಂದು ಬರೆದ ಹಾಳೆ ತೆರೆದುಕೊಂಡಿತು. ಎಡಗಡೆ, ಮೈ: ಎಪ್ಪತ್ತೇಳು. ಬಲಗಡೆ, ಹೊಲಿಗೆ: ಎಪ್ಪತ್ತೊಂಬತ್ತು.

ಅವನ ಕಾಲು ಪೆಡಲಿನ ಮೇಲೇ ನಿಂತಿತು. ಅಕ್ಕ ತಲೆಯೆತ್ತಿ ನೋಡಿದಳು, ಎದ್ದು ಬಂದು ಹಾಳೆ ನೋಡಿದಳು, ನೋಡಿ ಪುಸ್ತಕ ಮುಚ್ಚಿದಳು.

“ಬೇಕಂತ ಬರೆದದ್ದಾ?”

“ಇಲ್ಲ ಅಕ್ಕ. ಕೈ ಬರೀತು.”

“ಹಾಗಾದ್ರೆ ಬಾಯಿ ಹೊಲ್ಕೊಂಡು ಕೂತ್ಕೋ. ಹೋದ ಜಗುಲಿ ಬರಲ್ಲ, ಇರೋ ಅಂಗಡಿ ಹೋಗ್ತದೆ.”

ಅವನು ಬಾಯಿ ಹೊಲಿದುಕೊಂಡು ಕೂತ. ಆದರೆ ಅಂದಿನಿಂದ ಕಂಡಕ್ಟರ ಬಟ್ಟೆ ತಂದರೆ ಉಳಿದವರ ಬಟ್ಟೆಯೆಲ್ಲ ಪಕ್ಕಕ್ಕೆ ಸರಿಯುತ್ತಿತ್ತು. ಬೆಳಗ್ಗೆ ಕೊಟ್ಟ ಅಂಗಿ ಸಂಜೆಗೆ ಇಸ್ತ್ರಿಯಾಗಿ ಹೋಗುತ್ತಿತ್ತು. “ನನ್ನ ಜಗುಲಿ ನಿನ್ನ ಮರ ತಿಂತು ನೋಡು” ಎಂದು ಕಂಡಕ್ಟರ ಹಾಸ್ಯಕ್ಕೆ ಹೇಳುತ್ತಿದ್ದ, “ಅದಕ್ಕೇ ಇಷ್ಟು ದಪ್ಪ ಆಗ್ತಿದೆ.” ಎಲ್ಲರೂ ನಗುತ್ತಿದ್ದರು. ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. 

ಮನೆ ಬಾಗುತ್ತಿರುವುದನ್ನು ಮೊದಲು ಹೇಳಿದ್ದು ದಾರದ ಉಂಡೆ. ಅಕ್ಕನ ಮಡಿಲಿಂದ ಯಾವ ಉಂಡೆ ಬಿದ್ದರೂ ಉರುಳಿ ಉರುಳಿ ಕಿಟಕಿಯ ಮೂಲೆಗೇ ಹೋಗಿ ಸೇರುತ್ತಿತ್ತು. “ಅಲ್ಲೇನು ಇದರ ತವರುಮನೆ ಇದೆಯಾ?” ಎಂದು ಅವಳು ನಕ್ಕಳು. ಆಮೇಲೆ ಯಂತ್ರ ಅಲ್ಲಾಡತೊಡಗಿತು. ಒಂದು ಕಾಲಿನಡಿ ಬಟ್ಟೆಯ ಚೂರೊಂದನ್ನು ಮಡಿಸಿ ಇಟ್ಟ. ಮರುವರ್ಷ ಎರಡು ಮಡಿಕೆ. ಅದರ ಮರುವರ್ಷ ಐದು. ಕಿಟಕಿಯ ಕೆಳಗೆ ಗೋಡೆಯಲ್ಲಿ ನೂಲೆಳೆಯಂಥ ಬಿರುಕು ಬಂತು. ಅದು ಅಂಗಿಯಂಚಿನ ಪೈಪಿಂಗಿನಷ್ಟಾಯಿತು, ಆಮೇಲೆ ಗುಂಡಿಪಟ್ಟಿಯಷ್ಟಾಯಿತು. ಅವನು ಪ್ರತಿ ತಿಂಗಳು ಟೇಪು ಹಿಡಿದು ಬಿರುಕನ್ನು ಅಳೆಯುತ್ತಿದ್ದ. ಅದಕ್ಕೆ ಮಾತ್ರ ಎರಡಿಂಚು ಸೇರಿಸುತ್ತಿರಲಿಲ್ಲ.

ಆ ಹೊತ್ತಿಗೇ ಕಂಡಕ್ಟರನ ಅಡುಗೆಮನೆಯ ಗೋಡೆಯೂ ಅವನ ಮರದ ಬೇರಿಗೆ ಸೀಳಿತು. ಅವನು ಒಂದು ಕಾಗದ ಬರೆದ. ಆಚೆ ಊರಿನ ಎಂಜಿನಿಯರು ಬಂದು ನೋಡಿ ಸಹಿ ಹಾಕಿದ. ಮೂರನೇ ದಿನ ಗರಗಸದವರು ಬಂದು ಮಧ್ಯಾಹ್ನದ ಊಟದೊಳಗೆ ಮರ ಉರುಳಿಸಿ, ಬೇರು ಕಡಿದು ಹೋದರು. ಮರ ಇವನ ಮರಕ್ಕಿಂತ ದಪ್ಪವಿತ್ತು. ಉಳಿದ ಬುಡವನ್ನು ಕಂಡಕ್ಟರ ನಯ ಮಾಡಿಸಿಕೊಂಡು, ಹೋದ ಜಗುಲಿಯ ಬದಲಿಗೆ ಅದರ ಮೇಲೆ ಕೂತು ಕಾಫಿ ಕುಡಿಯತೊಡಗಿದ.

ದರ್ಜಿಯೂ ಕಾಗದ ಬರೆದುಕೊಂಡು ಈಚೆ ಪುರಸಭೆಗೆ ಹೋದ. ಮೂರನೇ ಕಿಟಕಿ ಮರಗಳ ವಿಭಾಗದ್ದು, ಅಲ್ಲಿ ಮರದ ಮೇಡಂ ಕೂತಿದ್ದಳು. ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಕಾಗದವನ್ನು ಎರಡು ಸಲ ಓದಿದಳು.

“ಮರ ಕಡಿಯೋಕೆ ಆಗಲ್ಲ ಸರ್. ನಂಬರ್ ಮರ ಅದು.”

“ಕಡಿಯೋದು ಬೇಡ ಮೇಡಂ. ಗೋಡೆ ಕಡೆ ಬಂದಿರೋ ಬೇರು ಒಂದು ತೆಗೆದ್ರೆ ಸಾಕು.”

“ಬೇರೂ ಮುಟ್ಟೋ ಹಾಗಿಲ್ಲ. ಕೊಂಬೆಯ ನೆರಳು ಬೀಳೋವರೆಗೂ ನೆಲ ಅಗೆಯೋ ಹಾಗಿಲ್ಲ.”

“ನಮ್ಮ ಮನೆ ಪೂರ್ತಿ ನೆರಳಲ್ಲೇ ಇದೆ.”

“ಅದಕ್ಕೇ ಪಾಯ ರಿಪೇರಿಗೂ ಅನುಮತಿ ಬರಲ್ಲ” ಎಂದು ಅವಳು ತಲೆ ತಗ್ಗಿಸಿದಳು. “ಎದುರು ಕಡೆ ಆಗಿದ್ರೆ ಒಂದೇ ಕಾಗದ ಸಾಕಿತ್ತು. ಆದ್ರೆ ನನ್ನ ಕೈ ಓಣಿ ಮಧ್ಯದವರೆಗೆ ಮಾತ್ರ.”

ಮನೆಗೆ ಬಂದು ಹೇಳಿದಾಗ ಅಕ್ಕ ಕೇಳಿದಳು: “ನೆರಳು ಅಂದ್ರೆ ಮಧ್ಯಾಹ್ನದ್ದೋ ಸಂಜೆಯದ್ದೋ? ಸಂಜೆಯದ್ದಾದ್ರೆ ಕಂಡಕ್ಟರ್ ಮನೆನೂ ನಮ್ಮ ಪುರಸಭೆಗೇ ಸೇರ್ತದಲ್ಲ!”

ಆರು ತಿಂಗಳು ಅವನು ಆ ಕಚೇರಿಯ ಮೆಟ್ಟಿಲು ಸವೆಸಿದ. ಆ ನಡುವೆ ಆಚೆ ಊರಿನವರು ತಮ್ಮ ಕೆಲಸ ತಾವು ಮಾಡಿದರು. ಓಣಿಯ ನಡುಗೆರೆ ದಾಟಿ ಬಂದ ಕೊಂಬೆ ಅವರ ಲೆಕ್ಕಕ್ಕೆ ಬರುತ್ತದೆ. ಅಂಥ ಕೊಂಬೆಗಳು ಅವರ ಬೀದಿದೀಪದ ತಂತಿಗೆ ತಾಗುತ್ತಿದ್ದವು. ಏಣಿ ತಂದು, ಗಡಿ ಎಲ್ಲಿ ಬರುತ್ತದೆಂದು ದಾರ ಹಿಡಿದು ನೋಡಿ, ಅಲ್ಲಿಗೆ ಸರಿಯಾಗಿ ಕೊಯ್ದರು. ಅರ್ಧ ಮರ ಬೋಳಾಯಿತು. ಉಳಿದರ್ಧ ಭಾರವೆಲ್ಲ ದರ್ಜಿಯ ಮನೆಯ ಮೇಲೆ. ಒಂದು ತೋಳಿನ ಅಂಗಿ ತೊಟ್ಟವರ ಹಾಗೆ ಮರ ಈ ಕಡೆಗೇ ವಾಲಿ ನಿಂತಿತು. ಆ ತೋಳನ್ನೂ ಒಂದಿಷ್ಟು ಕೊಯ್ದು ಸಮ ಮಾಡಿ ಎಂದು ಇವನು ಬೇಡಿದ. ಅದು ಈಚೆಯ ಕೊಂಬೆ. ಮುಟ್ಟುವ ಹಾಗಿಲ್ಲ.

“ಒಂದು ಕೆಲ್ಸ ಮಾಡು” ಎಂದ ಕಂಡಕ್ಟರ, ಬುಡದ ಮೇಲೆ ಕೂತು. “ನಿನ್ನ ಮನೆ ಎತ್ಕೊಂಡು ಬಂದು ಇಲ್ಲಿ ಇಟ್ಕೋ. ಜಾಗ ಮಾಡ್ಕೊಡ್ತೀನಿ. ಮುಂದೆ ಹೋಗಿ, ಮುಂದೆ ಹೋಗಿ ಅಂತ ಎಷ್ಟು ಜನಕ್ಕೆ ಜಾಗ ಮಾಡಿದೀನಿ ನಾನು!”

ದರ್ಜಿ ನಗಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಅದೇ ವಾರ ಅದೇ ಕಚೇರಿಯ ಏಳನೇ ಕಿಟಕಿಯಿಂದ, ಅಂದರೆ ಕಟ್ಟಡದ ವಿಭಾಗದಿಂದ, ಒಂದು ನೋಟಿಸು ಬಂತು: ಗೋಡೆ ಬೀಳುವ ಸ್ಥಿತಿಯಲ್ಲಿದೆ, ಮನೆ ವಾಸಕ್ಕೆ ಯೋಗ್ಯವಲ್ಲ, ದುರಸ್ತಿ ಮಾಡಿಸಿ, ಇಲ್ಲವೇ ಮೂವತ್ತು ದಿನದೊಳಗೆ ಖಾಲಿ ಮಾಡಿ. ಅವನು ಏಳನೇ ಕಿಟಕಿಗೆ ಹೋಗಿ ದುರಸ್ತಿಗೆ ಅನುಮತಿ ಕೇಳಿದ. “ಮೂರನೇ ಕಿಟಕಿಯಲ್ಲಿ ಕೇಳಿ” ಎಂದರು. ಮೂರಕ್ಕೂ ಏಳಕ್ಕೂ ನಡುವೆ ಒಂದು ಬೆಂಚಿತ್ತು. ಅದರ ಮೇಲೆ ಸ್ವಲ್ಪ ಹೊತ್ತು ಕೂತ. ಎದ್ದು ಮನೆಗೆ ಬಂದು, ಹನ್ನೆರಡು ವರ್ಷ ಹಳೆಯ ಅಳತೆ ಪುಸ್ತಕವನ್ನು ಮೇಜಿನ ಅಡಿಯಿಂದ ತೆಗೆದ.

“ಹೋಗಬೇಡ ಕಣೋ” ಎಂದಳು ಅಕ್ಕ. “ಮರ ಹೋಗ್ತದೋ ಇಲ್ವೋ, ಕಂಡಕ್ಟರ್ ಹೋಗ್ತಾನೆ.”

“ನಂಬರ್ ಹೋದ್ರೆ ಬೇರು ಕಡೀಬಹುದು ಅಕ್ಕ. ಮನೆ ಉಳೀತದೆ.”

ದುರ್ದೈವ ನೋಡಿ, ಬಾಗಿಲಲ್ಲೇ ಕಂಡಕ್ಟರ ಸಿಕ್ಕಿದ. “ಒಬ್ಬನೇ ಹೋದ್ರೆ ನಿನ್ನ ಮಾತು ಯಾರು ಕೇಳ್ತಾರೆ? ಜಬರದಸ್ತಿ ಮಾತಾಡೋಕೆ ನಾನು ಬೇಕು” ಎಂದು ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಬಂದುಬಿಟ್ಟ. ಮೈಮೇಲೆ ಇವನೇ ಹೊಲಿದ ಬಿಳಿ ಅಂಗಿ. ದಾರಿಯುದ್ದಕ್ಕೂ ದರ್ಜಿ ಬೇಡ ಅನ್ನಲು ಬಾಯಿ ತೆರೆದ, ಮುಚ್ಚಿದ.

ಮರದ ಮೇಡಂ ಮುಂದೆ ಪುಸ್ತಕ ಬಿಚ್ಚಿ ಅವನು ಹೇಳಿದ: “ಮೇಡಂ, ಅವತ್ತು ನಾನು ತಪ್ಪು ಬರೆದೆ. ಇದು ಮೈ ಅಳತೆ, ಎಪ್ಪತ್ತೇಳು. ಇದು ಹೊಲಿಗೆ ಅಳತೆ. ನಾನು ಹೊಲಿಗೆಯದ್ದು ಬರೆದುಕೊಟ್ಟೆ. ಮರ ಎರಡು ಮೀಟರ್ ಇರಲೇ ಇಲ್ಲ.” ಪಕ್ಕದಲ್ಲಿ ನಿಂತವನ ಕಡೆಗೆ ಅವನು ತಿರುಗಿ ನೋಡಲಿಲ್ಲ. ಜಬರದಸ್ತಿ ಮಾತಾಡಲು ಬಂದವನು ಬಗ್ಗಿ ಪುಸ್ತಕದ ಎರಡೂ ಸಾಲು ಓದಿದ.

ಮೇಡಂ ಆ ದಿನವೇ ಉಕ್ಕಿನ ಟೇಪು ತೆಗೆದುಕೊಂಡು ಬಂದಳು. ನೆಲದಿಂದ ನಾಲ್ಕೂವರೆ ಅಡಿಗೆ ಗುರುತು ಮಾಡಿ, ಮರ ಸುತ್ತಿ ಬಂದಳು. ಒಂದು ಸಲ ಅಳೆದಳು. ಮತ್ತೊಂದು ಸಲ ಅಳೆದಳು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಕಂಡಕ್ಟರ ತನ್ನ ಬುಡದ ಹತ್ತಿರ ನಿಂತಿದ್ದ.

“ಎಂಬತ್ತಮೂರು ಇಂಚು ಸರ್” ಎಂದಳು ಮೇಡಂ ಮೆತ್ತಗೆ. “ಅವತ್ತು ಕಮ್ಮಿ ಇದ್ದಿರಬಹುದು. ಈಗ ನಿಮ್ಮ ಅಳತೆ ದಾಟಿದೆ. ಹಳೇ ನಂಬರ್ ತೆಗೆದು ಹಾಕಿದ್ರೂ ನಾಳೆ ನಾನೇ ಹೊಸ ನಂಬರ್ ಕಟ್ಟಬೇಕಾಗ್ತದೆ.”

ಬೆಳೆಯುವ ಮಗುವಿಗೆ ಎರಡಿಂಚು ಬಿಡು ಎಂದಿದ್ದ ಅಪ್ಪ. ಬಿಟ್ಟಿದ್ದಾಯಿತು. ಮಗು ಬೆಳೆದು ಅಂಗಿ ತುಂಬಿಕೊಂಡು ನಿಂತಿತ್ತು. ದರ್ಜಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡ. ಇನ್ನು ಯಾವ ಕಿಟಕಿಗೂ ಹೋಗುವ ದಾರಿ ಇರಲಿಲ್ಲ.

ಮೇಡಂ ಹೋದ ಮೇಲೆ ಕಂಡಕ್ಟರ ಓಣಿಯ ನಡುವಿನವರೆಗೂ ಬಂದು ನಿಂತ.

“ಹನ್ನೆರಡು ವರ್ಷ ನನ್ನ ಅಂಗಿನೇ ಮೊದಲು ಹೊಲಿದುಕೊಟ್ಟೆ. ಇವನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಊರೆಲ್ಲ ಹೇಳ್ಕೊಂಡು ಬಂದೆನಲ್ಲೋ!”

“ಪ್ರೀತಿನೂ ಇತ್ತು” ಎಂದ ದರ್ಜಿ.

ಕಂಡಕ್ಟರ ತಿರುಗಿ ಹೋದ. ಮುಂದಿನ ದಿನಗಳಲ್ಲಿ ಓಣಿಯಿಂದ ಯಾರು ಹೊರಟರೂ “ರೈಟ್!” ಕೇಳಿಸುತ್ತಿತ್ತು. ದರ್ಜಿಯೋ ಅಕ್ಕನೋ ಹೊರಟರೆ ಕೇಳಿಸುತ್ತಿರಲಿಲ್ಲ.

ಮೂವತ್ತನೇ ದಿನ ಮುಂಜಾನೆ ತಳ್ಳುಗಾಡಿ ಬಂತು. ಆಚೆ ಊರಲ್ಲಿ, ಎರಡು ಬೀದಿ ದಾಟಿ, ಮಹಡಿಯ ಮೇಲೊಂದು ಕೋಣೆ ಸಿಕ್ಕಿತ್ತು. ಬಾಡಿಗೆಗೆ ಒಪ್ಪುವ ಮೊದಲು ಅಕ್ಕ ಮನೆಯೊಡೆಯನನ್ನು ಕೇಳಿದ್ದು ಒಂದೇ ಪ್ರಶ್ನೆ: “ಸುತ್ತಮುತ್ತ ಮರ ಇಲ್ಲ ತಾನೆ?” ಪಾತ್ರೆ ಹೋಯಿತು, ಹಾಸಿಗೆ ಹೋಯಿತು, ಬಟ್ಟೆಯ ಗಂಟು ಹೋಯಿತು, ಸ್ಟೂಲು ಹೋಯಿತು. ಉಳಿದದ್ದು ಯಂತ್ರ. ಅವನೂ ಗಾಡಿಯವನೂ ಅದರ ಮೇಜು ಸಮೇತ ಎತ್ತಿ ಬಾಗಿಲಿಗೆ ತಂದರು. ಅಡ್ಡ ಹಿಡಿದರು, ಉದ್ದ ಹಿಡಿದರು, ಓರೆ ಮಾಡಿದರು. ಅಪ್ಪ ಇದೇ ಬಾಗಿಲಿಂದ ಒಳಗೆ ತಂದ ಯಂತ್ರ. ಗೋಡೆ ಸರಿದು ಸರಿದು ಬಾಗಿಲ ಚೌಕಟ್ಟನ್ನು ಹಿಂಡಿಬಿಟ್ಟಿತ್ತು.

ಅವನು ಕೊರಳಿನ ಟೇಪು ತೆಗೆದು ಬಾಗಿಲು ಅಳೆದ, ಮೇಜು ಅಳೆದ.

“ಎಷ್ಟು ಸಾಲದು?” ಅಕ್ಕ ಹೊರಗಿನಿಂದ ಕೇಳಿದಳು.

“ಒಂದು ಮುಕ್ಕಾಲು.”

“ಎರಡು ಅಂತ ಬರ್ಕೊ” ಎಂದಳು.  ಕಂಕುಳಲ್ಲಿದ್ದ ಯಾರದೋ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು ಗಾಡಿಯ ಹಿಂದೆ ನಡೆದಳು.

ಅವನು ಒಬ್ಬನೇ ಒಳಗೆ ಹೋದ. ತಿರುಪು ಬಿಚ್ಚಿ, ಪಟ್ಟಿ ಕಳಚಿ, ಯಂತ್ರದ ತಲೆಯನ್ನು ಮಾತ್ರ ಮೇಜಿನಿಂದ ಎತ್ತಿದ. ಮೇಜಿನ ಕಾಲಿನಡಿ ಒಂಬತ್ತು ಮಡಿಕೆಯ ಬಟ್ಟೆಯಿತ್ತು: ಸ್ಕೂಲಿನ ಅಂಗಿಯ ನೀಲಿ, ಕೋಟಿನ ಬೂದು, ಮೇಲೆಯೇ ಕಂಡಕ್ಟರನ ಅಂಗಿಯ ಬಿಳಿ. ಅದನ್ನು ಅಲ್ಲೇ ಬಿಟ್ಟ. ತೆಗೆದರೆ ಮೇಜು ಬೀಳುತ್ತಿತ್ತು. ಕಬ್ಬಿಣದ ತಲೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ತಬ್ಬಿಕೊಂಡು ಹೊಸ್ತಿಲು ದಾಟಿದ. ಬಾಗಿಲು ಮುಚ್ಚಲು ಬರುತ್ತಿರಲಿಲ್ಲ, ಅದನ್ನು ಹಾಗೇ ಬಿಟ್ಟು ಮರದಡಿ ಬಂದ. ನಲವತ್ತೊಂದನೇ ನಂಬರಿನ ತಗಡು ಗಾಳಿಗೆ ತೊಗಟೆಗೆ ಬಡಿಯುತ್ತಿತ್ತು. ತಂತಿ ಮರದೊಳಗೆ ಅರ್ಧ ಹುದುಗಿಹೋಗಿತ್ತು. ಕಟ್ಟಿದವರು ಸಡಿಲ ಬಿಟ್ಟಿರಲಿಲ್ಲ.

ಎದುರಿಗೆ ಕಂಡಕ್ಟರ ಬುಡದ ಮೇಲೆ ಬೆನ್ನು ಹಾಕಿ ಕೂತಿದ್ದ. ದರ್ಜಿ ಓಣಿಯ ನಡುವಿಗೆ ಬಂದು, ಭಾರಕ್ಕೆ ಒಂದು ಕ್ಷಣ ನಿಂತು, ಯಂತ್ರವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡು ಗಡಿ ದಾಟಿದ. ಓಣಿಯ ತಿರುವಿಗೆ ಬಂದಾಗ ಹಿಂದಿನಿಂದ, ಕೂಗಿದ್ದಲ್ಲ, ಬಾಯಿಂದ ಜಾರಿದ ಹಾಗೆ, ಒಂದು ಮಾತು ಕೇಳಿಸಿತು.

“ರೈಟ್.”

ಅವನು ನಡೆದ.